ಪಾರ್ಶ್ವವಾಯುವಿನ ನಂತರದ ಪುನಶ್ಚೇತನ ಮತ್ತು ಮಾನಸಿಕ ಆರೋಗ್ಯ: ವಿಜಯಪುರ ಪರಿಸರದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಪೀಠಿಕೆ

ಮಿದುಳಿಗೆ ರಕ್ತವನ್ನು ಒಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ ಅಥವಾ ಒಡೆದು ರಕ್ತ ಸೋರಿದಾಗ ಉಂಟಾಗುವ ಆಘಾತವನ್ನು ಪಾರ್ಶ್ವವಾಯು ಎನ್ನುತ್ತೇವೆ. ಆಡುಮಾತಿನಲ್ಲಿ ಇದು ‘ಲಕ್ವ’. ಮೊದಲ ಕೆಲವು ಗಂಟೆಗಳ ಚಿಕಿತ್ಸೆಯ ವಿಷಯದಲ್ಲಿ ಕಳೆದ ಮೂರು ದಶಕಗಳಲ್ಲಿ ವೈದ್ಯವಿಜ್ಞಾನ ಬಹುದೂರ ಸಾಗಿದೆ. ರಕ್ತದ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಆಘಾತದ ಮೂರು ಗಂಟೆಗಳೊಳಗೆ ಪ್ರಯೋಜನಕಾರಿ ಎಂದು 1995ರಲ್ಲಿ ಅಮೆರಿಕದ ಅಧ್ಯಯನವೂ, ನಾಲ್ಕೂವರೆ ಗಂಟೆಗಳವರೆಗೂ ಪ್ರಯೋಜನಕಾರಿ ಎಂದು 2008ರಲ್ಲಿ ಯುರೋಪಿನ ಅಧ್ಯಯನವೂ ತೋರಿಸಿಕೊಟ್ಟವು. ಆದರೆ ಬದುಕುಳಿದ ವ್ಯಕ್ತಿ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲಿನ ತಿಂಗಳುಗಳು ಅಷ್ಟೇ ನಿರ್ಣಾಯಕವಾದವು. ಕೈ ಎಷ್ಟು ತಿರುಗಿ ಬರುತ್ತದೆ, ಮಾತು ಎಷ್ಟು ಮರಳುತ್ತದೆ, ಆ ವ್ಯಕ್ತಿ ಮತ್ತೆ ದುಡಿಯಬಲ್ಲನೇ ಎಂಬುದು ಬಹುಮಟ್ಟಿಗೆ ಆ ಅವಧಿಯಲ್ಲಿ ತೀರ್ಮಾನವಾಗುತ್ತದೆ. ಆ ತೀರ್ಮಾನದಲ್ಲಿ ಸ್ನಾಯುವಿನ ಬಲದಷ್ಟೇ ಮನಸ್ಸಿನ ಸ್ಥಿತಿಯೂ ಪಾತ್ರ ವಹಿಸುತ್ತದೆ. ದೇಹದ ಪುನಶ್ಚೇತನವನ್ನೂ ಮಾನಸಿಕ ಆರೋಗ್ಯವನ್ನೂ ಬೇರೆ ಬೇರೆ ಸೇವೆಗಳೆಂದು ಕಾಣುವ ವಾಡಿಕೆ ಎಷ್ಟು ನಷ್ಟ ಉಂಟುಮಾಡುತ್ತದೆ ಎಂಬುದನ್ನು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿಜಯಪುರ ಪರಿಸರವನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ ಮತ್ತು ರೋಗದ ಹೊರೆ

ಹಿಂದೆ ವಡಿಗೇನಹಳ್ಳಿ ಎಂಬ ಹೆಸರಿದ್ದ ವಿಜಯಪುರವು ದೇವನಹಳ್ಳಿ ತಾಲ್ಲೂಕಿನ ಪಟ್ಟಣ. ರೇಷ್ಮೆ ಮತ್ತು ದ್ರಾಕ್ಷಿ ಇಲ್ಲಿಯ ಜೀವನಾಧಾರಗಳಲ್ಲಿ ಮುಖ್ಯವಾದವು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳುವಿಗೆ ಹಾಕುವುದು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ನೂಲು ಬಿಚ್ಚುವುದು, ದ್ರಾಕ್ಷಿ ಚಪ್ಪರದ ಕೆಳಗೆ ಕೈಯೆತ್ತಿ ಬಳ್ಳಿ ಸವರುವುದು ಇವೆಲ್ಲ ಎರಡೂ ಕೈಗಳ ಸೂಕ್ಷ್ಮ ಹೊಂದಾಣಿಕೆಯನ್ನು ಬೇಡುವ ಕೆಲಸಗಳು. ಇಂತಹ ಊರಿನಲ್ಲಿ ಒಂದು ಕೈ ನಿಂತುಹೋಯಿತೆಂದರೆ ಆ ಮನೆಯ ಕಸುಬೇ ಅರ್ಧಕ್ಕೆ ನಿಂತಂತೆ.

ನರರೋಗಗಳ ಹೊರೆ ಗ್ರಾಮೀಣ ಭಾಗದಲ್ಲಿ ಹೆಚ್ಚೆಂಬುದಕ್ಕೆ ಬೆಂಗಳೂರಿನದೇ ಆಧಾರವಿದೆ. ನಿಮ್ಹಾನ್ಸ್ ಸಂಸ್ಥೆಯ ಎಂ. ಗೌರಿದೇವಿ, ಜಿ. ಗುರುರಾಜ್, ಪಿ. ಸತೀಶ್ಚಂದ್ರ ಮತ್ತು ಡಿ. ಕೆ. ಸುಬ್ಬಕೃಷ್ಣ ಅವರು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳ 1,02,557 ಜನರ ಸಮೀಕ್ಷೆ ನಡೆಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರತಿ ಒಂದು ಲಕ್ಷ ಜನರಲ್ಲಿ ನರರೋಗಿಗಳ ಪ್ರಮಾಣ ನಗರದಲ್ಲಿ 2,190 ಇದ್ದರೆ ಗ್ರಾಮೀಣ ಭಾಗದಲ್ಲಿ 4,070 ಇತ್ತು. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಮುಖ್ಯವೆಂದು ಆ ತಂಡ ಗುರುತಿಸಿದ ರೋಗಗಳಲ್ಲಿ ತಲೆನೋವು, ಅಪಸ್ಮಾರಗಳ ಜೊತೆಗೆ ಪಾರ್ಶ್ವವಾಯುವೂ ಸೇರಿತ್ತು. ತಜ್ಞರೂ ಪುನಶ್ಚೇತನ ಕೇಂದ್ರಗಳೂ ನಗರದಲ್ಲಿ ಕೇಂದ್ರೀಕೃತವಾಗಿದ್ದು, ರೋಗದ ಹೊರೆ ಮಾತ್ರ ಹಳ್ಳಿಗಳಲ್ಲಿ ಇಮ್ಮಡಿಯಾಗಿರುವುದು ಈ ಅಂಕಿಗಳಿಂದ ಏಳುವ ಮೊದಲ ಪ್ರಶ್ನೆ.

ಮಿದುಳು ಚೇತರಿಸಿಕೊಳ್ಳುವ ಬಗೆ

ಸತ್ತ ನರಕೋಶಗಳು ಮತ್ತೆ ಹುಟ್ಟುವುದಿಲ್ಲ. ಆದರೂ ರೋಗಿ ಚೇತರಿಸಿಕೊಳ್ಳುತ್ತಾನೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲ ವಾರಗಳಲ್ಲಿ ಆಘಾತದ ಸುತ್ತಲಿನ ಬಾವು ಇಳಿದು, ಸಾಯದೆ ಸ್ತಬ್ಧವಾಗಿದ್ದ ಕೋಶಗಳು ಮತ್ತೆ ಕೆಲಸ ಆರಂಭಿಸುತ್ತವೆ. ಅನಂತರದ ತಿಂಗಳುಗಳಲ್ಲಿ ಉಳಿದ ನರಜಾಲಗಳು ಹೊಸ ಸಂಪರ್ಕಗಳನ್ನು ಕಟ್ಟಿಕೊಂಡು ಕಳೆದುಹೋದ ಕೆಲಸವನ್ನು ವಹಿಸಿಕೊಳ್ಳುತ್ತವೆ. ಮೊದಲನೆಯದು ಬಹುಮಟ್ಟಿಗೆ ತಾನಾಗಿ ನಡೆಯುತ್ತದೆ. ಎರಡನೆಯದು ಅಭ್ಯಾಸವನ್ನು ಅವಲಂಬಿಸಿದೆ. ಎಣ್ಣೆ ಹಚ್ಚಿ ತಿಕ್ಕುವುದರಿಂದ ರೋಗಿಗೆ ಹಿತವೆನಿಸಬಹುದು. ಆದರೆ ಮಿದುಳಿಗೆ ಪಾಠವಾಗುವುದು ರೋಗಿ ತಾನೇ ಪ್ರಯತ್ನಿಸಿ, ಮತ್ತೆ ಮತ್ತೆ ಮಾಡುವ ಚಲನೆ.

ಅಭ್ಯಾಸವಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಎಡ್ವರ್ಡ್ ಟೌಬ್ ಅವರ ಸಂಶೋಧನೆ ವಿವರಿಸುತ್ತದೆ. ದುರ್ಬಲವಾದ ಕೈಯಿಂದ ಪ್ರಯತ್ನಿಸಿ ಪದೇ ಪದೇ ಸೋತವನು ಎಲ್ಲಕ್ಕೂ ಇನ್ನೊಂದು ಕೈಯನ್ನೇ ಬಳಸತೊಡಗುತ್ತಾನೆ. ಕಾಲಕ್ರಮದಲ್ಲಿ ಆ ಕೈಗೆ ಸ್ವಲ್ಪ ಶಕ್ತಿ ಬಂದಿದ್ದರೂ ಅದನ್ನು ಬಳಸದಿರುವುದೇ ರೂಢಿಯಾಗಿಬಿಟ್ಟಿರುತ್ತದೆ. ಈ ರೂಢಿಯನ್ನು ಮುರಿಯಲು, ಪಾರ್ಶ್ವವಾಯುವಾಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ರೋಗಿಗಳನ್ನೊಳಗೊಂಡು ನಡೆದ, 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನವರ ಒಳ್ಳೆಯ ಕೈಗೆ ಎರಡು ವಾರ ಕೈಚೀಲ ತೊಡಿಸಿ, ದುರ್ಬಲ ಕೈಯಿಂದಲೇ ಕೆಲಸ ಮಾಡಿಸಲಾಯಿತು. ವಾಡಿಕೆಯ ಆರೈಕೆ ಪಡೆದವರಿಗಿಂತ ಇವರ ಕೈಬಳಕೆ ಗಮನಾರ್ಹವಾಗಿ ಸುಧಾರಿಸಿತು.

‘ಮೂರು ತಿಂಗಳು ಕಳೆದರೆ ಬಂದಷ್ಟೇ ಬಂತು’ ಎಂಬ ಜನರ ನಂಬಿಕೆಯೂ ಪೂರ್ಣ ಸತ್ಯವಲ್ಲ. ನಿಮ್ಹಾನ್ಸ್‌ನ ಪುನಶ್ಚೇತನ ವಿಭಾಗದ ಸಂಶೋಧಕರು ಮೂರು ತಿಂಗಳು ದಾಟಿದ 45 ರೋಗಿಗಳಿಗೆ ವಾರಕ್ಕೆ ಐದು ದಿನದಂತೆ ನಾಲ್ಕು ವಾರ ಸಮತೋಲನದ ತರಬೇತಿ ನೀಡಿ, ನಿಲ್ಲುವ ಮತ್ತು ನಡೆಯುವ ಸಾಮರ್ಥ್ಯ ಆಗಲೂ ಹೆಚ್ಚುತ್ತದೆಂಬುದನ್ನು 2009ರಲ್ಲಿ ವರದಿ ಮಾಡಿದರು. ಹಾಗೆಂದು ಅತಿಯಾದ ಆತುರವೂ ಸಲ್ಲದು. 2,104 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ‘ಅವರ್ಟ್’ ಅಧ್ಯಯನದಲ್ಲಿ, ಆಘಾತವಾದ 24 ಗಂಟೆಗಳೊಳಗೇ ರೋಗಿಯನ್ನು ಎಬ್ಬಿಸಿ ಹೆಚ್ಚು ಹೊತ್ತು ನಡೆದಾಡಿಸಿದ ಗುಂಪಿನಲ್ಲಿ ಒಳ್ಳೆಯ ಫಲಿತಾಂಶದ ಸಾಧ್ಯತೆ ಕಡಿಮೆಯಾಯಿತು.

ಕಾಣದ ಪಾರ್ಶ್ವವಾಯು: ಖಿನ್ನತೆ

ಅಭ್ಯಾಸವೇ ಚೇತರಿಕೆಯ ಮೂಲವಾದರೆ, ಅಭ್ಯಾಸ ಮಾಡುವ ಮನಸ್ಸು ಇರಬೇಕು. ಇಲ್ಲಿಯೇ ಖಿನ್ನತೆಯ ಪ್ರಶ್ನೆ ಬರುತ್ತದೆ. ನಿಮ್ಹಾನ್ಸ್‌ನ ಅಭಿಷೇಕ್ ಶ್ರೀವಾಸ್ತವ, ಎ. ಬಿ. ಟ್ಯಾಲಿ, ಅನುಪಮ್ ಗುಪ್ತ ಮತ್ತು ಟಿ. ಮುರಳಿ ಅವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾರ್ಶ್ವವಾಯುವಾಗಿ ಮೂರು ತಿಂಗಳು ದಾಟಿದ್ದ 51 ಜನರ ಪೈಕಿ 18 ಮಂದಿಯಲ್ಲಿ, ಅಂದರೆ ಶೇ. 35ರಷ್ಟು ಜನರಲ್ಲಿ, ಖಿನ್ನತೆ ಕಂಡುಬಂದಿತು. ದಿನನಿತ್ಯದ ಕೆಲಸಗಳಲ್ಲಿನ ಅಸಾಮರ್ಥ್ಯಕ್ಕೂ ಖಿನ್ನತೆಗೂ ಸಂಬಂಧವಿರುವುದು ಸ್ಪಷ್ಟವಾಯಿತು. ಹಲವು ದೇಶಗಳ 61 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯೂ ಸುಮಾರು ಮೂರರಲ್ಲೊಬ್ಬರು ಎಂಬ ತೀರ್ಮಾನಕ್ಕೇ ಬಂದಿತು. ಅಧ್ಯಯನ ಸಣ್ಣದಾದರೂ ಬೆಂಗಳೂರಿನ ಅನುಭವ ಜಗತ್ತಿನ ಅನುಭವಕ್ಕೆ ಹೊಂದುತ್ತದೆ.

ಇದು ಕೇವಲ ಕಷ್ಟಕ್ಕೆ ಮನಸ್ಸು ಕುಗ್ಗಿದ ಸ್ಥಿತಿಯಲ್ಲ. ಮಿದುಳಿನ ಗಾಯವೇ ಮನೋಭಾವವನ್ನು ನಿಯಂತ್ರಿಸುವ ನರಮಾರ್ಗಗಳನ್ನು ಕೆಡಿಸಬಹುದು. ಅದರ ಮೇಲೆ ಕಸುಬು ಹೋದ ನೋವು, ಶೌಚಕ್ಕೂ ಇನ್ನೊಬ್ಬರನ್ನು ನೆಚ್ಚಬೇಕಾದ ಸಂಕೋಚ, ಸಾಲದ ಚಿಂತೆ ಸೇರಿಕೊಳ್ಳುತ್ತವೆ. ಆದರೆ ಮನೆಯವರ ಕಣ್ಣಿಗೆ ಇದು ರೋಗವಾಗಿ ಕಾಣುವುದಿಲ್ಲ. ಊಟ ಬಿಟ್ಟರೆ ಹಟ, ವ್ಯಾಯಾಮ ಬೇಡವೆಂದರೆ ಸೋಮಾರಿತನ, ನಿದ್ದೆ ಬಾರದಿದ್ದರೆ ವಯಸ್ಸು, ಸುಮ್ಮನೆ ಗೋಡೆ ನೋಡುತ್ತ ಕುಳಿತರೆ ‘ಬುದ್ಧಿ ಮಂಕಾಗಿದೆ’ ಎಂದು ಅರ್ಥೈಸಲಾಗುತ್ತದೆ. ಕೆಲವರು ಚಿಕ್ಕ ಮಾತಿಗೂ ಬಿಕ್ಕಿ ಅಳುತ್ತಾರೆ ಅಥವಾ ಕಾರಣವಿಲ್ಲದೆ ನಗುತ್ತಾರೆ. ಭಾವದ ಅಭಿವ್ಯಕ್ತಿಯ ಮೇಲಿನ ಹಿಡಿತ ತಪ್ಪಿದ ಈ ಲಕ್ಷಣ ಖಿನ್ನತೆಗಿಂತ ಭಿನ್ನವಾದದ್ದು. ಅದಕ್ಕೂ ಚಿಕಿತ್ಸೆ ಇದೆ.

ಪರಿಣಾಮ ವಿಷವರ್ತುಲದಂತಿರುತ್ತದೆ. ಖಿನ್ನನಾದವನು ಅಭ್ಯಾಸ ಬಿಡುತ್ತಾನೆ. ಅಭ್ಯಾಸ ಬಿಟ್ಟ ಕೈ ಬಿಗಿಯುತ್ತದೆ. ಬಿಗಿದ ಕೈಯನ್ನು ಕಂಡು ಖಿನ್ನತೆ ಇನ್ನಷ್ಟು ಆಳವಾಗುತ್ತದೆ. ರಕ್ತದೊತ್ತಡದ ಮಾತ್ರೆಯನ್ನೂ ಕೈಬಿಟ್ಟರೆ ಎರಡನೆಯ ಆಘಾತದ ಅಪಾಯ ಎದುರಾಗುತ್ತದೆ.

ಔಷಧದ ಪಾತ್ರವನ್ನು ಇಲ್ಲಿ ಸರಿಯಾಗಿ ಗ್ರಹಿಸಬೇಕು. ಖಿನ್ನತೆ ನಿವಾರಕವಾದ ಫ್ಲೂಯೊಕ್ಸೆಟಿನ್ ಕೈಕಾಲಿನ ಚೇತರಿಕೆಯನ್ನೇ ಹೆಚ್ಚಿಸುತ್ತದೆಂದು 2011ರಲ್ಲಿ ಫ್ರಾನ್ಸ್‌ನಲ್ಲಿ 118 ರೋಗಿಗಳ ಮೇಲೆ ನಡೆದ ಅಧ್ಯಯನ ಆಸೆ ಹುಟ್ಟಿಸಿತ್ತು. 3,127 ರೋಗಿಗಳನ್ನೊಳಗೊಂಡು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಫೋಕಸ್’ ಅಧ್ಯಯನ ಆ ಆಸೆಯನ್ನು ಸಮರ್ಥಿಸಲಿಲ್ಲ. ಔಷಧದಿಂದ ಹೊಸದಾಗಿ ಖಿನ್ನತೆ ಬರುವುದು ಕಡಿಮೆಯಾಯಿತು. ಆದರೆ ದೈಹಿಕ ಸಾಮರ್ಥ್ಯ ಹೆಚ್ಚಲಿಲ್ಲ, ಮೂಳೆ ಮುರಿತಗಳು ಹೆಚ್ಚಿದವು. ಆದ್ದರಿಂದ ಎಲ್ಲ ರೋಗಿಗಳಿಗೂ ಮುನ್ನೆಚ್ಚರಿಕೆಯ ಮಾತ್ರೆ ಕೊಡುವುದು ಸೂಕ್ತವಲ್ಲ. ಖಿನ್ನತೆ ಇರುವವರನ್ನು ಕೇಳಿ, ಗುರುತಿಸಿ, ಅವರಿಗೆ ಆಪ್ತಸಮಾಲೋಚನೆ ಮತ್ತು ಅಗತ್ಯವಿದ್ದಲ್ಲಿ ಔಷಧ ನೀಡುವುದೇ ಸರಿಯಾದ ಕ್ರಮ.

ಮಾತು ಕಳೆದುಕೊಂಡವರು

ಹೀಗೆ ಕೇಳಿ ಗುರುತಿಸಬೇಕಾದವರಲ್ಲಿ ಮಾತನ್ನೇ ಕಳೆದುಕೊಂಡವರ ಪಾಡು ಹೆಚ್ಚು ಕಠಿಣ. ಮಿದುಳಿನ ಎಡಭಾಗದ ಆಘಾತದಿಂದ ಭಾಷೆ ಕೆಡುವ ಸ್ಥಿತಿಯನ್ನು ಅಫೇಸಿಯ ಎನ್ನುತ್ತಾರೆ. ಬುದ್ಧಿ ಉಳಿದಿದ್ದೂ ಹೇಳಬೇಕಾದ ಪದ ಸಿಗದವನ ದುಃಖವನ್ನು ಪ್ರಶ್ನಾವಳಿಯಿಂದ ಅಳೆಯುವುದು ಸುಲಭವಲ್ಲ. ಈ ಕ್ಷೇತ್ರದಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಶೋಧನಾ ಪರಂಪರೆ ಇರುವುದು ಹೆಮ್ಮೆಯ ಸಂಗತಿ. ಪ್ರತಿಭಾ ಕಾರಂತ ಅವರು 1980ರಲ್ಲಿ ಕನ್ನಡದ ಧ್ವನಿ, ವಾಕ್ಯರಚನೆ ಮತ್ತು ಅರ್ಥಗಳನ್ನು ಪರೀಕ್ಷಿಸುವ ಭಾಷಾ ಪರೀಕ್ಷೆಯನ್ನು ರೂಪಿಸಿದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅಫೇಸಿಯ ಪರೀಕ್ಷೆಯ ಕನ್ನಡ ರೂಪವೂ, ವಯಸ್ಕರ ಅಫೇಸಿಯ ಚಿಕಿತ್ಸೆಗೆ ಕನ್ನಡದ ಕೈಪಿಡಿಯೂ ಸಿದ್ಧವಾಗಿವೆ. ವಿಜಯಪುರದ ಪರಿಸರದಲ್ಲಿ ಕನ್ನಡದೊಂದಿಗೆ ತೆಲುಗು, ಉರ್ದು ಮನೆಮಾತುಗಳಾಗಿವೆ. ಹಲವು ಭಾಷೆ ಬಲ್ಲ ರೋಗಿಯಲ್ಲಿ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಮರಳಬೇಕೆಂದಿಲ್ಲ. ಆದ್ದರಿಂದ ಮನೆಯ ಮಾತು ಯಾವುದು, ಕಸುಬಿನ ಮಾತು ಯಾವುದು ಎಂದು ವಿಚಾರಿಸದೆ ಚಿಕಿತ್ಸೆ ಆರಂಭಿಸುವುದು ಸಲ್ಲದು.

ಕುಟುಂಬದ ಮೇಲೆ ಎಷ್ಟು ಹೊರಿಸಬಹುದು?

ತಜ್ಞರ ಕೊರತೆಯಿದ್ದಲ್ಲಿ ಮನೆಯವರಿಗೇ ತರಬೇತಿ ಕೊಟ್ಟು ಪುನಶ್ಚೇತನ ಮಾಡಿಸಬಹುದೆಂಬ ಸಲಹೆ ಸಹಜವಾಗಿ ಬರುತ್ತದೆ. ಇದನ್ನು ಭಾರತದಲ್ಲೇ ಪರೀಕ್ಷಿಸಲಾಗಿದೆ. ದೇಶದ 14 ಆಸ್ಪತ್ರೆಗಳ 1,250 ರೋಗಿಗಳನ್ನೊಳಗೊಂಡ ‘ಅಟೆಂಡ್’ ಅಧ್ಯಯನದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಮೃತಪಟ್ಟವರ ಅಥವಾ ಪರಾವಲಂಬಿಗಳಾಗಿ ಉಳಿದವರ ಪ್ರಮಾಣ, ಕುಟುಂಬದವರಿಗೆ ತರಬೇತಿ ನೀಡಿದ ಗುಂಪಿನಲ್ಲೂ ನೀಡದ ಗುಂಪಿನಲ್ಲೂ ಶೇ. 47ರಷ್ಟೇ ಇತ್ತು. ಕುಟುಂಬದ ಆರೈಕೆ ವ್ಯರ್ಥವೆಂದು ಇದರ ಅರ್ಥವಲ್ಲ. ತರಬೇತಾದ ಚಿಕಿತ್ಸಕರ ಸ್ಥಾನವನ್ನು ಅದರಿಂದ ತುಂಬಲಾಗದು ಎಂಬುದೇ ಇದರ ಪಾಠ.

ಆರೈಕೆಯ ಭಾರ ಹೊರುವವರು ಬಹುತೇಕ ಹೆಂಡತಿ, ಮಗಳು ಅಥವಾ ಸೊಸೆ. ರೋಗಿಯನ್ನು ಎತ್ತಿ ಕೂರಿಸುವುದರ ಜೊತೆಗೆ ಹುಳುಮನೆಯ ಕೆಲಸವೂ ಆಕೆಯದೇ ಆಗುತ್ತದೆ. ಕಂಕುಳಿಗೆ ಕೈಹಾಕಿ ಎತ್ತಿದರೆ ಅಥವಾ ಸೋತ ಕೈಯನ್ನು ಹಿಡಿದೆಳೆದರೆ ರೋಗಿಯ ಭುಜದ ಕೀಲಿಗೆ ಪೆಟ್ಟಾಗುತ್ತದೆ ಎಂಬ ಸರಳ ತಿಳಿವಳಿಕೆಯನ್ನು ಆಕೆಗೆ ನೀಡಲೇಬೇಕು. ಅದರೊಂದಿಗೆ ‘ನಿಮಗೆ ನಿದ್ದೆ ಬರುತ್ತಿದೆಯೇ?’ ಎಂದು ಆಕೆಯನ್ನೂ ಕೇಳಬೇಕು. ಆರೈಕೆ ಮಾಡುವವರ ಮನಸ್ಸು ಕುಸಿದರೆ ರೋಗಿಯ ಚೇತರಿಕೆಯೂ ಕುಸಿಯುತ್ತದೆ.

ಇರುವ ವ್ಯವಸ್ಥೆ ಮತ್ತು ಬೆಸೆಯಬೇಕಾದ ಕೊಂಡಿ

ಮಾನಸಿಕ ಆರೋಗ್ಯವನ್ನು ಹಳ್ಳಿಗೆ ಒಯ್ಯುವ ಕೆಲಸದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿದೆ. ನಿಮ್ಹಾನ್ಸ್ 1970ರ ದಶಕದಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ಆರಂಭಿಸಿತು. 1980ರ ದಶಕದ ಬಳ್ಳಾರಿ ಜಿಲ್ಲೆಯ ಪ್ರಯೋಗವೇ 1996ರಲ್ಲಿ ಆರಂಭವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋವೈದ್ಯರ ಸೇವೆಯನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ತರುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ 2014ರಲ್ಲಿ ಜಾರಿಗೆ ತಂದಿತು. 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮವು ಪಾರ್ಶ್ವವಾಯು, ಅಪಸ್ಮಾರ, ತಲೆನೋವು, ಮರೆಗುಳಿ ರೋಗಗಳಿಗಾಗಿ ಮೊದಲು ಬೆಂಗಳೂರಿನ ಜಯನಗರ, ಕೋಲಾರ ಮತ್ತು ವಿಜಯಪುರಕ್ಕೆ ನೆರೆಯದಾದ ಚಿಕ್ಕಬಳ್ಳಾಪುರದಲ್ಲಿ ಚಿಕಿತ್ಸಾಲಯಗಳನ್ನು ತೆರೆಯಿತು. ಅದೇ ವರ್ಷ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯನ್ನು 14416 ಸಂಖ್ಯೆಯಲ್ಲಿ ಸಂಪರ್ಕಿಸಬಹುದು.

ಕೊರತೆ ಇರುವುದು ಇವುಗಳ ನಡುವಿನ ಕೊಂಡಿಯಲ್ಲಿ. ಸೋತ ಕೈಗೆ ಒಂದು ದಿನ, ಕುಗ್ಗಿದ ಮನಸ್ಸಿಗೆ ಇನ್ನೊಂದು ದಿನ, ರಕ್ತದೊತ್ತಡಕ್ಕೆ ಮತ್ತೊಂದು ದಿನ ಬಾಡಿಗೆ ವಾಹನ ಮಾಡಿಕೊಂಡು ಬರಲು ನಡೆಯಲಾಗದವನಿಗೆ ಸಾಧ್ಯವಿಲ್ಲ. ಹೀಗಾಗಿ ಮೊದಲು ಕೈಬಿಡುವುದು ಮನಸ್ಸಿನ ಚಿಕಿತ್ಸೆಯನ್ನೇ. ಈ ಹಿನ್ನೆಲೆಯಲ್ಲಿ ಮೂರು ಸಲಹೆಗಳನ್ನು ಮುಂದಿಡಬಹುದು.

ಮೊದಲನೆಯದಾಗಿ, ರಕ್ತದೊತ್ತಡದ ಮಾತ್ರೆಗೆ ಬರುವ ಪ್ರತಿ ಪಾರ್ಶ್ವವಾಯು ರೋಗಿಯನ್ನೂ ಎರಡು ಪ್ರಶ್ನೆ ಕೇಳಬೇಕು: ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿದಂತಿತ್ತೇ? ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿತ್ತೇ? ‘ಹೌದು’ ಎಂದವರನ್ನು ಹೆಚ್ಚಿನ ಪರಿಶೀಲನೆಗೆ ಕಳುಹಿಸಬೇಕು. ಎರಡನೆಯದಾಗಿ, ಭೌತಚಿಕಿತ್ಸೆ ಮತ್ತು ಮನೋವೈದ್ಯರ ಭೇಟಿ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದೇ ದಿನ ದೊರೆಯುವಂತಾಗಬೇಕು. ಮೂರನೆಯದಾಗಿ, ವ್ಯಾಯಾಮವನ್ನು ಕಸುಬಿನ ಭಾಷೆಗೆ ಒಗ್ಗಿಸಬೇಕು. ಚೆಂಡು ಹಿಸುಕುವುದು ಅರ್ಥಹೀನವೆನಿಸಿದವನಿಗೆ ಚಂದ್ರಿಕೆಯಿಂದ ಗೂಡು ಬಿಡಿಸುವುದು, ಸೊಪ್ಪು ಬಿಡಿಸುವುದು ಅರ್ಥಪೂರ್ಣವೆನಿಸುತ್ತದೆ. ಬೆರಳಿಗೆ ಅಗತ್ಯವಾದ ಪುನರಾವರ್ತನೆ ಅದರಲ್ಲೇ ಇದೆ. ಮನೆಗೆ ತಾನು ಇನ್ನೂ ಬೇಕಾದವನು ಎಂಬ ಅರಿವೂ ಅದರಲ್ಲೇ ಇದೆ. ಬಿಸಿನೀರಿನ ಕೆಲಸವನ್ನು ಮಾತ್ರ, ಸ್ಪರ್ಶಜ್ಞಾನ ಮರಳಿದೆಯೇ ಎಂದು ಪರೀಕ್ಷಿಸುವವರೆಗೆ, ದೂರವಿಡಬೇಕು.

ಉಪಸಂಹಾರ

ಪಾರ್ಶ್ವವಾಯುವಿನ ನಂತರದ ಚೇತರಿಕೆ ಅಭ್ಯಾಸದಿಂದ ಆಗುತ್ತದೆ, ಅಭ್ಯಾಸ ಮನಸ್ಸಿನಿಂದ ಆಗುತ್ತದೆ ಎಂಬುದು ಮೇಲಿನ ವಿವೇಚನೆಯ ಸಾರ. ಮೂವರಲ್ಲೊಬ್ಬರನ್ನು ಬಾಧಿಸುವ ಖಿನ್ನತೆಯನ್ನು ಗುರುತಿಸದೆ ಉಳಿದ ಸೇವೆಗಳನ್ನು ಎಷ್ಟು ವಿಸ್ತರಿಸಿದರೂ ಫಲ ಅಪೂರ್ಣವಾಗಿಯೇ ಉಳಿಯುತ್ತದೆ. ಗ್ರಾಮೀಣ ರೋಗಿಗಳನ್ನು ಮನೆಗೆ ಮರಳಿದ ದಿನದಿಂದ ಒಂದು ವರ್ಷದವರೆಗೆ ಅನುಸರಿಸಿ, ಕೈಯ ಬಲ, ಮಾತು, ಮನೋಸ್ಥಿತಿ ಮತ್ತು ಆರೈಕೆ ಮಾಡುವವರ ಸ್ಥಿತಿಯನ್ನು ಒಟ್ಟಿಗೆ ದಾಖಲಿಸುವ ಸಂಶೋಧನೆ ನಮ್ಮ ತಾಲ್ಲೂಕುಗಳಲ್ಲಿ ನಡೆಯಬೇಕಾಗಿದೆ. ಅದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಕೈಯನ್ನು ಪರೀಕ್ಷಿಸುವವರು ಮನಸ್ಸನ್ನೂ ವಿಚಾರಿಸುವ ಕ್ರಮವೊಂದು ರೂಢಿಗೆ ಬಂದರೆ ಅಲ್ಲಿಂದಲೇ ಕೆಲಸ ಆರಂಭವಾಗುತ್ತದೆ.