ಗಾಲಿಯ ಮೇಲಿನ ಕರಿಯ ಧೂಳು

ಬೀದಿಯಲ್ಲಿ ನಿಂತಿರುವ ಯಾವುದಾದರೊಂದು ಮೋಟಾರುಕಾರಿನ ನಾಲ್ಕು ಗಾಲಿಗಳನ್ನೂ ಒಮ್ಮೆ ಸಾವಧಾನವಾಗಿ ನೋಡಿರಿ. ಹಿಂದಿನ ಗಾಲಿಗಳು ಬರಿಯ ಮಣ್ಣಿನ ಬಣ್ಣಕ್ಕೆ ತಿರುಗಿದ್ದರೆ, ಮುಂದಿನ ಗಾಲಿಗಳ ಮೇಲೆ ಮಸಿಯನ್ನು ಸವರಿದಂತೆ ಕರಿಯ ಪುಡಿಯೊಂದು ಕುಳಿತಿರುವುದು ಅನೇಕ ವೇಳೆ ಕಾಣಬರುತ್ತದೆ. ನಾಲ್ಕು ಗಾಲಿಗಳೂ ಓಡಿದುದು ಒಂದೇ ರಸ್ತೆಯ ಮೇಲೆ. ಹಾಗಿದ್ದರೂ ಈ ಭೇದವೇಕೆ?

ಈ ಪುಡಿ ರಸ್ತೆಯಿಂದ ಬಂದುದಲ್ಲ. ಕಾರಿನ ಅಂಗಗಳೇ ಸವೆದು ಉದುರಿದ ಬ್ರೇಕಿನ ಧೂಳು ಅದು. ಅದನ್ನು ಕೊಡವಿ ಹಾಕುವುದು ಅಲ್ಪ ಕೆಲಸವೆಂದು ನಮಗೆ ತೋರಬಹುದು. ಆದರೆ ವಿಧಾನ ತಪ್ಪಿದರೆ ಗಾಲಿಯ ಅಂದ ಮಾತ್ರವಲ್ಲ, ಕೊಡವಿದವನ ಶ್ವಾಸಕೋಶವೂ ಕೆಡಬಹುದು. ಆದುದರಿಂದ ಈ ಧೂಳಿನ ಹುಟ್ಟನ್ನೂ ಗುಣವನ್ನೂ ಮೊದಲು ತಿಳಿದು, ಅನಂತರ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳೋಣ.

ನಿಲ್ಲುವುದಕ್ಕೆ ತೆರುವ ಬೆಲೆ

1000 ಕಿಲೋಗ್ರಾಂ ತೂಕದ ಕಾರೊಂದು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ, ಎಂದರೆ ಸೆಕೆಂಡಿಗೆ 20 ಮೀಟರಿನಂತೆ, ಓಡುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿ 2 ಲಕ್ಷ ಜೂಲ್. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಶಕ್ತಿ ನಾಶವಾಗುವುದಿಲ್ಲವೆಂಬುದು ಭೌತಶಾಸ್ತ್ರದ ಮೊದಲ ಪಾಠಗಳಲ್ಲೊಂದಷ್ಟೆ. ಬ್ರೇಕು ಅದನ್ನು ಘರ್ಷಣೆಯ ಮೂಲಕ ಉಷ್ಣವನ್ನಾಗಿ ಮಾರ್ಪಡಿಸುತ್ತದೆ. ಅಷ್ಟು ಉಷ್ಣದಿಂದ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಬಹುದು. ವೇಗ ಇಮ್ಮಡಿಯಾದರೆ ಉಷ್ಣ ನಾಲ್ಮಡಿಯಾಗುತ್ತದೆ.

ಡಿಸ್ಕ್ ಬ್ರೇಕಿನಲ್ಲಿ ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ತಟ್ಟೆಯೊಂದಿರುತ್ತದೆ. ಚಾಲಕನು ಪೆಡಲನ್ನು ಒತ್ತಿದೊಡನೆ ಎರಡು ಪ್ಯಾಡುಗಳು ಈ ತಟ್ಟೆಯನ್ನು ಇಕ್ಕೆಲಗಳಿಂದ ಅವುಚಿ ಹಿಡಿಯುತ್ತವೆ. ಆಗ ಪ್ಯಾಡೂ ಸವೆಯುತ್ತದೆ, ತಟ್ಟೆಯೂ ಸವೆಯುತ್ತದೆ. ನಿಲ್ಲುವಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳೇ ಹೆಚ್ಚು ದುಡಿಯಬೇಕಾಗುತ್ತದೆ. ಅಲ್ಲದೆ ಅನೇಕ ಕಾರುಗಳಲ್ಲಿ ಹಿಂದಿನ ಗಾಲಿಗಳಿಗೆ ಮುಚ್ಚಿದ ಡ್ರಮ್ ಬ್ರೇಕುಗಳಿರುತ್ತವೆ. ಅಲ್ಲಿ ಹುಟ್ಟಿದ ಧೂಳಿನ ಬಹುಭಾಗ ಡ್ರಮ್ಮಿನೊಳಗೇ ಸೆರೆಯಾಗಿರುತ್ತದೆ. ಮುಂದಿನ ಗಾಲಿ ಕಪ್ಪಾಗಿ ಹಿಂದಿನದು ಶುಭ್ರವಾಗಿರುವುದರ ಗುಟ್ಟು ಇದೇ. ಆದರೆ ಹಿಂದಿನ ಗಾಲಿಯ ಈ ಶುಭ್ರತೆಯನ್ನು ನಂಬುವಂತಿಲ್ಲ. ಡ್ರಮ್ಮನ್ನು ಬಿಚ್ಚಿದ ದಿನ ಒಳಗಿನ ಧೂಳೆಲ್ಲ ಒಮ್ಮೆಗೇ ಹೊರಬರುತ್ತದೆ.

ಧೂಳಿನಲ್ಲಿ ಏನಿದೆ?

ಈ ಧೂಳಿನಲ್ಲಿ ಕಬ್ಬಿಣ ಮತ್ತು ಅದರ ಆಕ್ಸೈಡುಗಳ ಪಾಲು ದೊಡ್ಡದು. ಅವುಗಳೊಡನೆ ಪ್ಯಾಡಿನ ಅಂಟುರಾಳ, ಗ್ರಾಫೈಟ್, ಬೇರಿಯಂ ಸಲ್ಫೇಟ್, ನಾನಾ ಬಗೆಯ ನಾರುಗಳು, ಕೆಲವು ವೇಳೆ ತಾಮ್ರ ಮತ್ತು ಆಂಟಿಮೊನಿ ಸೇರಿರುತ್ತವೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್ ಎಂದಿಟ್ಟುಕೊಂಡರೆ, ಈ ಕಣಗಳಲ್ಲಿ ಅನೇಕವು 10 ಮೈಕ್ರೋಮೀಟರಿಗಿಂತಲೂ ಚಿಕ್ಕವು. ಅಷ್ಟು ಸೂಕ್ಷ್ಮವಾದ ಕಣಗಳು ಮೂಗಿನ ಕಾವಲನ್ನು ದಾಟಿ ಒಳಗೆ ಇಳಿಯಬಲ್ಲವು.

ಕಬ್ಬಿಣದ ಇರವನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಿ ನೋಡಬಹುದು. ಗಾಲಿ ತೊಳೆದ ನೀರನ್ನು ಬಿಳಿಯ ಬೋಗುಣಿಯೊಂದರಲ್ಲಿ ಹಿಡಿದು, ಪಾಲಿಥೀನ್ ಚೀಲದಲ್ಲಿ ಸುತ್ತಿದ ಸೂಜಿಗಲ್ಲನ್ನು ಅದರ ತಳದಲ್ಲಿ ಆಡಿಸಿದರೆ ಕರಿಯ ಕಣಗಳು ಗಡ್ಡದಂತೆ ಅಂಟಿಕೊಂಡು ಬರುತ್ತವೆ. ಈ ಪ್ರಯೋಗವನ್ನು ಒದ್ದೆಯಾಗಿಯೇ ಮಾಡಬೇಕು. ಒಣ ಪುಡಿಯನ್ನು ಕೆರೆದು ತೆಗೆಯಕೂಡದು.

ಚರ್ಮದಿಂದ ಕಲ್ನಾರಿಗೆ

ಬ್ರೇಕಿನ ಸವೆತ ಮೋಟಾರುಕಾರಿನಷ್ಟೇ ಹಳೆಯದು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ತನ್ನ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರಿನಲ್ಲಿ ಹೊರಟಾಗ ಮರದ ಬ್ರೇಕುಗಳು ಸವೆದುಹೋದುವು; ದಾರಿಯಲ್ಲಿ ಚಮ್ಮಾರನೊಬ್ಬನಿಂದ ಅವುಗಳಿಗೆ ಚರ್ಮವನ್ನು ಹೊಡೆಸಿಕೊಂಡು ಆಕೆ ಪ್ರಯಾಣವನ್ನು ಮುಂದುವರಿಸಿದಳು. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಬ್ರೇಕಿನ ಲೈನರುಗಳನ್ನು ತಯಾರಿಸುವ ಉದ್ಯಮವನ್ನು ಆರಂಭಿಸಿದನು. ಚರ್ಮವೂ ಹತ್ತಿಯೂ ಹೆಚ್ಚಿನ ಬಿಸಿಗೆ ಸುಟ್ಟುಹೋಗುವುದರಿಂದ, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಲ್ನಾರು ಅವುಗಳ ಸ್ಥಾನಕ್ಕೆ ಬಂದಿತು. ಬೆಂಕಿಗೆ ಬೇಯದ, ಬಲವಾದ, ಅಗ್ಗವಾದ ಈ ಖನಿಜದ ನಾರು ಹಲವು ದಶಕಗಳ ಕಾಲ ಲೋಕದ ವಾಹನಗಳನ್ನು ನಿಲ್ಲಿಸಿತು.

ಅದು ವಾಹನಗಳನ್ನು ಕಾಪಾಡಿದರೂ ಮನುಷ್ಯರನ್ನು ಕಾಪಾಡಲಿಲ್ಲ. ಉಸಿರಿನೊಡನೆ ಒಳಹೊಕ್ಕ ಕಲ್ನಾರಿನ ಎಳೆಗಳು ಶ್ವಾಸಕೋಶವನ್ನು ಗಡುಸಾಗಿಸುತ್ತವೆ, ಕ್ಯಾನ್ಸರನ್ನು ಉಂಟುಮಾಡುತ್ತವೆ. ರೋಗವು ತಲೆದೋರಲು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷಗಳೇ ಹಿಡಿಯಬಹುದು. ಬ್ರಿಟನ್ 1999ರಲ್ಲಿಯೂ ಐರೋಪ್ಯ ಒಕ್ಕೂಟವು 2005ರಲ್ಲಿಯೂ ಕಲ್ನಾರನ್ನು ನಿಷೇಧಿಸಿದುವು. ಆದರೆ ಅದು ಎಲ್ಲ ದೇಶಗಳಿಂದಲೂ ತೊಲಗಿಲ್ಲ. ಹಳೆಯ ವಾಹನದಲ್ಲಿ, ತಯಾರಕರ ಹೆಸರಿಲ್ಲದ ಬಿಡಿಭಾಗದಲ್ಲಿ ಕಲ್ನಾರು ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯುವಂತಿಲ್ಲ. ತಿಳಿಯಲಾರದ ಧೂಳನ್ನು ಅಪಾಯಕರವೆಂದೇ ಭಾವಿಸಿ ನಡೆಯುವುದು ವಿವೇಕ.

ಆದರೂ ಗ್ಯಾರೇಜುಗಳಲ್ಲಿ ನಾವು ಪದೇ ಪದೇ ಕಾಣುವ ನೋಟವೊಂದಿದೆ. ಕೆಲಸ ಕಲಿಯಲು ಬಂದ ಹುಡುಗನು ಡ್ರಮ್ಮನ್ನು ಕಳಚಿ, ಗಾಳಿ ಹೊಡೆಯುವ ಯಂತ್ರದ ಕೊಳವೆಯನ್ನು ಅದರತ್ತ ಹಿಡಿಯುತ್ತಾನೆ. ಕರಿಯ ಮೋಡವೊಂದು ಎದ್ದು ಅವನ ಮುಖವನ್ನು ಮುಚ್ಚುತ್ತದೆ. ಕ್ಷಣದಲ್ಲಿ ಡ್ರಮ್ಮು ಥಳಥಳಿಸುತ್ತದೆ. ಧೂಳು ಮಾತ್ರ ಅವನ ಎದೆಯೊಳಗೂ, ಅಂಗಿಯ ಮಡಿಕೆಯಲ್ಲಿ ಕುಳಿತು ಅವನ ಮನೆಯೊಳಗೂ ಹೋಗುತ್ತದೆ. ಆ ಹುಡುಗನ ವಯಸ್ಸು ನಮ್ಮ ವಾಚಕರಲ್ಲಿ ಅನೇಕರ ವಯಸ್ಸೇ. ಅವನಿಗೆ ತಿಳಿಹೇಳುವುದು ನಮ್ಮೆಲ್ಲರ ಕರ್ತವ್ಯ: ಬ್ರೇಕಿನ ಧೂಳನ್ನು ಊದಬಾರದು, ಒಣ ಬ್ರಷ್ಷಿನಿಂದ ಉಜ್ಜಬಾರದು. ನೀರನ್ನೋ ತಕ್ಕ ದ್ರವವನ್ನೋ ಮೆಲ್ಲನೆ ಹರಿಸಿ, ಒದ್ದೆ ಬಟ್ಟೆಯಿಂದ ಒರಸಬೇಕು. ಸೂಕ್ಷ್ಮ ಕಣಗಳನ್ನು ತಡೆಯಬಲ್ಲ ಶೋಧಕವುಳ್ಳ ಹೀರುಯಂತ್ರವಿದ್ದರೆ ಇನ್ನೂ ಮೇಲು.

ತೊಳೆಯುವ ಕ್ರಮ

ಮನೆಯಲ್ಲಿ ಗಾಲಿಯ ಹೊರಮೈಯನ್ನು ತೊಳೆಯುವವರು ಮೊದಲು ಅದು ತಣ್ಣಗಾಗುವವರೆಗೆ ಕಾಯಬೇಕು. ಕಾದ ತಟ್ಟೆಯ ಮೇಲೆ ತಣ್ಣೀರನ್ನು ಸುರಿದರೆ ಅದು ಸೊಟ್ಟಗಾಗುವ ಸಂಭವವುಂಟು. ಆಮೇಲೆ ಕೈಗವಸು ಹಾಕಿಕೊಂಡು, ಮೇಲಿನಿಂದ ನೀರನ್ನು ಮೆಲ್ಲನೆ ಹೊಯ್ದು, ಧೂಳೆಲ್ಲ ನೆನೆದ ಬಳಿಕ ಸೌಮ್ಯವಾದ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಬೇಕು. ಈ ಬಟ್ಟೆಯಿಂದ ಕಾರಿನ ಮೈಯನ್ನು ಒರಸಕೂಡದು. ಅದಕ್ಕೆ ಅಂಟಿದ ಕಬ್ಬಿಣದ ಕಣಗಳು ಬಣ್ಣವನ್ನು ಗೀರುತ್ತವೆ. ತೊಳೆದ ನೀರನ್ನು ಬಾವಿಗೂ ಕೆರೆಗೂ ಹರಿಯಬಿಡಬಾರದು. ತಾಮ್ರವು ಜಲಚರಗಳಿಗೆ ವಿಷವಾದುದರಿಂದ ಅಮೆರಿಕದ ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ಸಂಸ್ಥಾನಗಳು ಬ್ರೇಕ್ ಪ್ಯಾಡುಗಳಲ್ಲಿ ಅದರ ಪ್ರಮಾಣವನ್ನು ತಗ್ಗಿಸಲು 2010ರಲ್ಲಿಯೇ ಶಾಸನಗಳನ್ನು ಮಾಡಿದುವು.

ಬಹುಕಾಲ ಬಿಟ್ಟ ಧೂಳು ತೇವದೊಡನೆ ಸೇರಿ ತುಕ್ಕಾಗಿ, ಗಾಲಿಯ ಮೇಲಿನ ತೆಳುವಾದ ಲೇಪದಲ್ಲಿ ಕಂದು ಚುಕ್ಕೆಗಳಾಗಿ ನೆಲೆಸುತ್ತದೆ. ಆಗ ಕೆಲವರು ಶೌಚಾಲಯವನ್ನು ತೊಳೆಯುವ ಆಮ್ಲಕ್ಕೆ ಕೈಹಾಕುತ್ತಾರೆ. ಇದು ದೊಡ್ಡ ತಪ್ಪು. ಆಮ್ಲವು ಧೂಳನ್ನು ಮಾತ್ರವಲ್ಲ, ಅಲ್ಯೂಮಿನಿಯಂ ಗಾಲಿಯನ್ನೂ ತಿನ್ನುತ್ತದೆ. ಹೈಡ್ರೋಫ್ಲೋರಿಕ್ ಆಮ್ಲವಿರುವ ದ್ರಾವಣಗಳಂತೂ ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಪ್ರಾಣಾಪಾಯವನ್ನೇ ತರಬಲ್ಲವು. ಇವುಗಳಿಗಿಂತ ಲೇಸಾದುದು ಥಯೋಗ್ಲೈಕೋಲೇಟ್ ಲವಣವಿರುವ ದ್ರಾವಣ. ಅದು ಕಬ್ಬಿಣದೊಡನೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣವು ಕರಗುತ್ತಿರುವುದು ಕಣ್ಣಿಗೇ ಕಾಣುತ್ತದೆ. ಅದರ ಗಂಧಕದ ದುರ್ವಾಸನೆಯ ಕಾರಣ ಬಯಲಿನಲ್ಲಿಯೇ ಬಳಸಿ, ಒಣಗುವ ಮೊದಲೇ ತೊಳೆದುಬಿಡಬೇಕು.

ಇನ್ನೆರಡು ಎಚ್ಚರಿಕೆಗಳು. ಗಾಲಿಗೆ ಮೇಣವನ್ನು ಸವರಿದರೆ ಧೂಳು ಅಷ್ಟಾಗಿ ಅಂಟುವುದಿಲ್ಲವೆಂಬುದು ನಿಜ. ಆದರೆ ಮೇಣವಾಗಲಿ ಎಣ್ಣೆಯಾಗಲಿ ಬ್ರೇಕಿನ ತಟ್ಟೆಗೂ ಪ್ಯಾಡಿಗೂ ಸೋಂಕಿದರೆ ಬ್ರೇಕು ಹಿಡಿಯದೆ ಹೋಗಬಹುದು. ತೊಳೆದ ಮೇಲೆ, ಜನಸಂಚಾರವಿಲ್ಲದ ಕಡೆ ಕಾರನ್ನು ಮೆಲ್ಲನೆ ನಡೆಸಿ ಎರಡು ಮೂರು ಸಲ ಬ್ರೇಕನ್ನು ಒತ್ತಿ ಒಣಗಿಸಿಯೇ ಮುಖ್ಯರಸ್ತೆಗೆ ಹೋಗಬೇಕು.

ಹುಟ್ಟುವಲ್ಲಿಯೇ ತಡೆ

ಧೂಳನ್ನು ತೊಳೆಯುವುದಕ್ಕಿಂತ ಕಡಿಮೆ ಹುಟ್ಟಿಸುವುದು ಜಾಣತನ. 500 ಮೀಟರ್ ಎತ್ತರದ ಘಾಟಿಯನ್ನು ಇಳಿಯುವಾಗ ನಾವು ಮೊದಲು ಹೇಳಿದ ಕಾರು ಸುಮಾರು 49 ಲಕ್ಷ ಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ಇದು ಆ ಕಾರನ್ನು ಒಮ್ಮೆ ನಿಲ್ಲಿಸುವಾಗ ಕಳೆಯಬೇಕಾದುದರ ಇಪ್ಪತ್ತನಾಲ್ಕು ಪಟ್ಟಿಗೂ ಹೆಚ್ಚು. ಅದನ್ನೆಲ್ಲ ಬ್ರೇಕಿನ ಮೇಲೆಯೇ ಹೊರಿಸದೆ, ಕೆಳಗಿನ ಗೇರಿನಲ್ಲಿ ಇಳಿದು ಎಂಜಿನ್ನೇ ಕಾರನ್ನು ತಡೆಯುವಂತೆ ಮಾಡಿದರೆ ಧೂಳೂ ಕಡಿಮೆ, ಅಪಾಯವೂ ಕಡಿಮೆ. ವಿದ್ಯುತ್ ಕಾರುಗಳು ಮೋಟಾರನ್ನೇ ಡೈನಮೋ ಆಗಿಸಿ ಈ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತವೆ. ಐರೋಪ್ಯ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮವು ಬ್ರೇಕಿನ ಧೂಳಿಗೂ ಮಿತಿಯನ್ನು ವಿಧಿಸಿದೆ: ಸಾಮಾನ್ಯ ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ವಿದ್ಯುತ್ ಕಾರಿಗೆ 3 ಮಿಲಿಗ್ರಾಂ. ಹೊಗೆಯ ಕೊಳವೆಯೇ ಇಲ್ಲದ ಕಾರು ಸಹ ಗಾಳಿಯನ್ನು ಕೆಡಿಸಬಲ್ಲದೆಂಬುದನ್ನು ಶಾಸನವೂ ಒಪ್ಪಿಕೊಂಡಂತಾಯಿತು.

ಸವೆಯದ ಬ್ರೇಕು ಹಿಡಿಯಲಾರದು. ಆದುದರಿಂದ ಧೂಳು ಸಂಪೂರ್ಣವಾಗಿ ತಪ್ಪುವಂಥದಲ್ಲ. ಅದು ಗಾಳಿಗೆ ಏಳದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದುದು ಒಂದು ಬಕೆಟ್ಟು ನೀರು, ಒಂದು ಒದ್ದೆ ಬಟ್ಟೆ ಮತ್ತು ಸ್ವಲ್ಪ ತಾಳ್ಮೆ.