ಮುದ್ರೆಯಿಲ್ಲದ ಸಿಗಾರಿನ ಪರೀಕ್ಷೆ

1959ರ ಕ್ರಾಂತಿಯ ತರುವಾಯ ಕ್ಯೂಬಾವನ್ನು ತೊರೆದ ಸಿಗಾರ್ ಕುಶಲಿಗಳಲ್ಲಿ ಕೆಲವರು ಮಯಾಮಿ ನಗರದ ಕಾಯೆ ಓಚೋ ಬೀದಿಯಲ್ಲಿಯೂ, ಕೆಲವರು ನಿಕರಾಗುವಾ ದೇಶದ ಎಸ್ತೆಲಿಯಲ್ಲಿಯೂ ನೆಲೆಯೂರಿ, ಪರಂಪರೆಯಿಂದ ಬಂದ ವಿದ್ಯೆಯನ್ನು ಅಲ್ಲಿ ಬೆಳೆಸಿದರು. ಇಂತಹ ಪಟ್ಟಣಗಳಲ್ಲಿ ನಾಲ್ಕಾರು ಮೇಜುಗಳನ್ನಿಟ್ಟುಕೊಂಡು ಸ್ವತಂತ್ರವಾಗಿ ಸಿಗಾರ್ ಸುತ್ತುವವರ ಸರಕಿಗೆ ಹೆಸರಾಂತ ಮುದ್ರೆಯ ಆಶ್ರಯವಿಲ್ಲವಾದುದರಿಂದ, ಅದರ ಗುಣವನ್ನು ನಿರ್ಣಯಿಸುವವನಿಗೆ ತನ್ನ ಬೆರಳು, ಮೂಗುಗಳೇ ಪ್ರಮಾಣ.

ಹೊದಿಕೆಯ ಎಲೆ ನುಣುಪಾಗಿ ಹೊಳೆಯುತ್ತಿದ್ದರೆ ಕಣ್ಣು ಒಲಿಯುವುದು ಸಹಜ; ಆದರೆ ಗುಣದ ಮೂಲವಿರುವುದು ಒಳಗೆ. ಗಿಡದ ತುದಿಯಲ್ಲಿ ಬಿಸಿಲುಂಡು ದಪ್ಪವಾದ 'ಲಿಹೇರೊ' ಎಲೆ ತೀಕ್ಷ್ಣವಾದುದು, ನಿಧಾನವಾಗಿ ಉರಿಯತಕ್ಕದ್ದು. ನಡುವಿನ 'ಸೆಕೊ' ಪರಿಮಳವನ್ನೂ, ಬುಡದ 'ವೊಲಾದೊ' ಜ್ವಲನಶಕ್ತಿಯನ್ನೂ ಕೊಡುತ್ತವೆ. ಲಿಹೇರೊವನ್ನು ಮಧ್ಯದಲ್ಲಿಟ್ಟು, ಉಳಿದವುಗಳನ್ನು ಅದರ ಸುತ್ತ ಗಾಳಿಯಾಡುವಂತೆ ಮಡಿಸಿ ಜೋಡಿಸಿದಲ್ಲದೆ ಬೆಂಕಿ ಸಮವಾಗಿ ಸಾಗದು. ಸಿಗಾರನ್ನು ಎರಡು ಬೆರಳುಗಳ ನಡುವೆ ಹಿಡಿದು ತುದಿಯಿಂದ ತುದಿಯವರೆಗೆ ಮೆಲ್ಲಗೆ ಒತ್ತುತ್ತ ಬಂದರೆ, ಗಂಟುಗಟ್ಟಿದೆಡೆಯಲ್ಲಿ ಹೊಗೆ ತಡೆದು ನಿಲ್ಲುವುದೆಂದೂ, ಟೊಳ್ಳಾದೆಡೆಯಲ್ಲಿ ಅತಿಯಾಗಿ ಕಾದು ಕಹಿಯಾಗುವುದೆಂದೂ ಹೊತ್ತಿಸುವ ಮುನ್ನವೇ ತಿಳಿಯುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಪರೀಕ್ಷಿಸುವ ಯಂತ್ರಗಳುಂಟು. ಸ್ವತಂತ್ರ ಕುಶಲಿಗೆ ಬಹುಮಟ್ಟಿಗೆ ಕೈಯ ಅರಿವೇ ಆಧಾರ.

ಎಷ್ಟೇ ಪಳಗಿದ ಕೈಯಾದರೂ ಹದಗೊಳ್ಳದ ಎಲೆಯನ್ನು ಉದ್ಧರಿಸಲಾರದು. 'ಪಿಲೋನ್' ಎಂಬ ರಾಶಿಗಳಲ್ಲಿ ಎಲೆ ತನ್ನ ಕಾವಿನಿಂದಲೇ ಹುದುಗಿ, ಅಮೋನಿಯಾವನ್ನು ಹೊರಗೆಡಹಿ, ಬಳಿಕ ದೀರ್ಘಕಾಲ ವಿಶ್ರಮಿಸಬೇಕು. ಅಷ್ಟು ಕಾಲ ಎಲೆಯನ್ನು ದಾಸ್ತಾನಿಟ್ಟು ಕಾಯುವುದಕ್ಕೆ ಮೂಲಧನ ಬೇಕು. ಸಣ್ಣ ಕುಶಲಿ ಸೋಲುವುದು ಕೈಚಳಕದಲ್ಲಲ್ಲ, ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಹೊತ್ತಿಸಿದ ಸಿಗಾರಿನಿಂದ ಅಮೋನಿಯಾದ ಘಾಟು ಬಂದರೆ ಆತುರ ನಡೆದಿದೆಯೆಂದು ತಿಳಿಯಬಹುದು. ಆದರೂ ಹೊಸದಾಗಿ ಸುತ್ತಿದ ಸಿಗಾರಿನಲ್ಲಿ ತೇವ ಉಳಿದಿರುವುದರಿಂದ, ಶೇಕಡಾ 65ರಿಂದ 70ರಷ್ಟು ಆರ್ದ್ರತೆಯಲ್ಲಿ ಕೆಲವು ವಾರ ಇಟ್ಟು ನೋಡದೆ ತೀರ್ಪು ಕೊಡುವುದು ಅನ್ಯಾಯ.

ಸಿಗಾರಿನ ಹೊಗೆ, ಎದೆಯೊಳಕ್ಕೆ ಎಳೆಯದಿದ್ದರೂ, ಬಾಯಿ ಗಂಟಲುಗಳಲ್ಲಿ ಅರ್ಬುದರೋಗವನ್ನು ತರಬಲ್ಲದು. ಕುಶಲತೆಯ ಪ್ರಶಂಸೆ ಈ ಸತ್ಯವನ್ನು ಮರೆಮಾಚಬಾರದು.

ಬೂದಿ ಬೆಳ್ಳಗಿದ್ದರೆ ಸಿಗಾರ್ ಉತ್ತಮವೆಂಬ ನಂಬಿಕೆಯೊಂದುಂಟು. ವಾಸ್ತವದಲ್ಲಿ ಆ ಬಣ್ಣ ಎಲೆ ಮಣ್ಣಿನಿಂದ ಹೀರಿದ ಮೆಗ್ನೀಸಿಯಮ್ ಮೊದಲಾದ ಖನಿಜಗಳನ್ನು ಅವಲಂಬಿಸಿದೆ. ಬೂದಿ ಉದುರದೆ ಉದ್ದಕ್ಕೆ ನಿಲ್ಲುವುದಾದರೆ, ಒಳಗಿರುವುದು ಚೂರುಗಳಲ್ಲ, ಇಡಿಯ ಎಲೆಗಳೆಂದು ಊಹಿಸಬಹುದು. ಒಂದೇ ಸಿಗಾರ್ ಸೊಗಸಾದ ಮಾತ್ರಕ್ಕೆ ಕುಶಲಿಯನ್ನು ಹೊಗಳುವುದೂ, ಒಂದೇ ಕೆಟ್ಟ ಮಾತ್ರಕ್ಕೆ ತೆಗಳುವುದೂ ಸಲ್ಲದು. ಒಂದೇ ಕಟ್ಟಿನಿಂದ ಬೇರೆಬೇರೆ ದಿನಗಳಲ್ಲಿ ಆಯ್ದ ಮೂರು ನಾಲ್ಕು ಸಿಗಾರುಗಳು ಎಳೆತದಲ್ಲಿಯೂ ಉರಿಯಲ್ಲಿಯೂ ಒಂದನ್ನೊಂದು ಹೋಲಿದರೆ, ಅವನ ಬಳಿ ಎರಡನೆಯ ಕಟ್ಟನ್ನು ಧೈರ್ಯವಾಗಿ ಕೊಳ್ಳಬಹುದು.