ಮಳೆಗಾಲದಲ್ಲಿ ಪಿಟೀಲಿನ ಆರೈಕೆ

ಪುತ್ತೂರು, ಸುಳ್ಯ, ಕಡಬದ ಮಳೆಗಾಲ ಪಿಟೀಲಿಗೆ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಗೆ ಮರ ಉಬ್ಬಿ, ಬಿರಡೆಗಳು ತೂತಿನಲ್ಲಿ ಕಚ್ಚಿಕೊಂಡು ತಿರುಗಲೊಲ್ಲವು. ಬಲ ಹಾಕಿದರೆ ಮುರಿದಾವು. ಬೇಸಗೆಯಲ್ಲಿ ತದ್ವಿರುದ್ಧ: ಬಿರಡೆ ಜಾರಿ ಶ್ರುತಿ ನಿಲ್ಲದು, ಆಗ ಚೂರು ಸೀಮೆಸುಣ್ಣ ಸವರಿದರೆ ಸಾಕು. ಹಲಗೆಗಳನ್ನು ಕೂಡಿಸಿರುವ ಪ್ರಾಣಿಜನ್ಯ ಅಂಟೂ ಥಂಡಿಗೆ ಸಡಿಲಾಗುತ್ತದೆ. ಬಿಟ್ಟ ಅಂಚಿಗೆ ಫೆವಿಕಾಲ್ ಮೆತ್ತಬಾರದು. ಮುಂದೆ ರಿಪೇರಿಗೆ ಬಿಚ್ಚುವಾಗ ಮರವೇ ಸೀಳೀತು. ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟಕ್ಕೇರಿಸುವುದು ಇನ್ನೂ ಕೇಡು.

ಕಮಾನಿಗೆ ಕಟ್ಟುವುದು ಕುದುರೆಬಾಲದ ಕೂದಲು. ನುಡಿಸಿದ ಮೇಲೆ ಅದನ್ನು ಸಡಿಲಿಸಬೇಕು, ಕೈಯಿಂದ ಮುಟ್ಟಬಾರದು. ತೆಂಗಿನೆಣ್ಣೆ ತಾಗಿದ ಕೂದಲು ರಾಳ ಹಿಡಿಯದು, ತಂತಿಯ ಮೇಲೆ ಸುಮ್ಮನೆ ಜಾರುತ್ತದೆ. ಎಣ್ಣೆ ಹಚ್ಚಿದ ತಲೆಗಳಿರುವ ಈ ಸೀಮೆಯಲ್ಲಿ ಥಂಡಿಗಿಂತ ಇದೇ ದೊಡ್ಡ ಗಂಡಾಂತರವೇನೋ! ತಂತಿಯ ಕೆಳಗೆ ಬಿದ್ದ ರಾಳದ ಬಿಳಿ ಪುಡಿಯನ್ನು ಹಳೆ ಪಂಚೆಯ ತುಂಡಿನಿಂದ ಆಗಿಂದಾಗ್ಗೆ ಒರೆಸಬೇಕು. ಬಿಟ್ಟರೆ ಮೆರುಗಿಗೆ ಅಂಟಿಕೊಳ್ಳುತ್ತದೆ.

 

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಆಗಾಗ ಬದಲಿಸಬೇಕು. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಒಳಗೆ ಬೂಸು ಹಿಡಿಯುತ್ತದೆ, ಕಮಾನಿನ ಕೂದಲನ್ನು ಹುಳು ತಿನ್ನುತ್ತದೆ.